ದವಡೆ

ನಾನು ಹಲ್ಲಿನ ವೈದ್ಯೆ. ಗುಂಡಿಗೆ ನನ್ನ ಕಸುಬಲ್ಲ.
ಚಿಯತೂರದ ಕೆಳಪೇಟೆಯಲ್ಲಿ ಒಂದು ಕೋಣೆ, ಒಂದು ಕುರ್ಚಿ,
ಕಿಟಕಿಯಾಚೆ ಗಣಿಯ ಮಸಿ ತೊಳೆದು ಕಪ್ಪಾದ ಹೊಳೆ,
ಅದರ ಮೇಲೆ ತಂತಿಗೆ ಜೋತು ಹೋಗಿಬರುವ ಕಬ್ಬಿಣದ ತೊಟ್ಟಿಲು.

ಫೆಬ್ರವರಿಯ ಒಂದು ಮಂಗಳವಾರ ತ್ಸಿಯುರಿ ಬಂದಳು,
ಅರವತ್ತೊಂದು ವರ್ಷ, ರೊಟ್ಟಿ ಭಟ್ಟಿಯ ಹೆಂಗಸು,
ಎಡಗೆನ್ನೆಗೆ ಉಣ್ಣೆಯ ಶಾಲು ಒತ್ತಿಕೊಂಡು.
"ಕಿತ್ತುಬಿಡು ಮಗಳೇ, ಮೂರು ದಿನದಿಂದ ನಿದ್ದೆಯಿಲ್ಲ,
ದುಡ್ಡು ತಂದಿದ್ದೇನೆ," ಎಂದು
ಕರವಸ್ತ್ರದ ಗಂಟನ್ನು ಮೊದಲೇ ಬಿಚ್ಚಿಟ್ಟಳು.

ಕನ್ನಡಿಯ ಹಿಡಿಯಿಂದ ಒಂದೊಂದನ್ನೇ ತಟ್ಟಿದೆ.
ನೋಯಲಿಲ್ಲ.
ತಣ್ಣನೆಯ ಹತ್ತಿಯುಂಡೆ ಇಟ್ಟೆ. ಬೆಚ್ಚಿ, ಸುಮ್ಮನಾಯಿತು,
ಒಳ್ಳೆಯ ಹಲ್ಲು ಹೇಗೆ ಬೆಚ್ಚಬೇಕೋ ಹಾಗೆ.
ಎಕ್ಸ್‌ರೇಯಲ್ಲಿ ಬೇರುಗಳು
ಹಳೆಯ ದ್ರಾಕ್ಷಿಬಳ್ಳಿಯ ಬುಡದಂತೆ ಗಟ್ಟಿ.

ಇಕ್ಕಳ ಕೈಯಲ್ಲೇ ಇತ್ತು.
ಕೀಳುವುದು ಸುಲಭ. ಜನ ಕೀಳಿಸಿಕೊಂಡು ನೆಮ್ಮದಿಯಿಂದ ಹೋಗುತ್ತಾರೆ,
ಮನೆಯೊಳಗಿನ ಕಳ್ಳನನ್ನು ಹೊರಗಟ್ಟಿದವರ ಹಾಗೆ.

ಆಗ ಗೊಚಾ ನೆನಪಾದ.
ಆರು ವರ್ಷದ ಹಿಂದೆ, ಇದೇ ಕುರ್ಚಿ, ಇದೇ ಎಡದವಡೆ.
ತೊಟ್ಟಿಲ ತಂತಿಗೆ ಎಣ್ಣೆ ಹಚ್ಚುವವನು.
ಹಲ್ಲಿನಲ್ಲೊಂದು ಹುಳುಕಿತ್ತು, ಚಿಕ್ಕದು, ನನಗೆ ಅಷ್ಟೇ ಸಾಕಾಯಿತು.
ಕಿತ್ತೆ. ಹತ್ತಿ ಕಚ್ಚಿಕೊಂಡು ನಗುತ್ತ ಮೆಟ್ಟಿಲಿಳಿದ.
ಬೆಳಗಿನ ಜಾವ ಹೆಂಡತಿ ಎಬ್ಬಿಸಲು ಹೋದರೆ
ಹತ್ತಿ ಇನ್ನೂ ಬಾಯಲ್ಲೇ ಇತ್ತಂತೆ.

ಇಕ್ಕಳ ಕೆಳಗಿಟ್ಟೆ.
"ಯಾವಾಗ ನೋಯುತ್ತದೆ?"
"ಮೆಟ್ಟಿಲು ಹತ್ತುವಾಗ. ಹಿಟ್ಟಿನ ಮೂಟೆ ಎತ್ತುವಾಗ.
ನಿಂತರೆ ಇಳಿಯುತ್ತದೆ. ಇವತ್ತು ಮಾತ್ರ ಇಳಿಯಲೇ ಇಲ್ಲ."
"ಎದೆ?"
"ಎದೆಗೇನು ಧಾಡಿ! ಹಲ್ಲು ನೋಡು ಅಂದರೆ…"
ಹೊರಗೆ ಹಿಮ. ಅವಳ ಹಣೆಯಲ್ಲಿ
ಭಟ್ಟಿಯ ಮುಂದೆ ನಿಂತವರ ಬೆವರು.

ಗುಂಡಿಗೆಗೆ ಸ್ವಂತ ಬಾಯಿಲ್ಲ, ಎಂದಿದ್ದರು ಕಾಲೇಜಿನಲ್ಲಿ.
ಅದು ಅತ್ತರೆ ಕೇಳಿಸುವುದು ಪಕ್ಕದ ಮನೆಯಲ್ಲಿ:
ಹೆಗಲು, ಬೆನ್ನು, ಹೊಟ್ಟೆಯ ಬಾಯಿ, ದವಡೆ.
ಹೆಂಗಸರಲ್ಲಿ ಇನ್ನೂ ಹೆಚ್ಚು.
ಪರೀಕ್ಷೆಗೆಂದು ಬಾಯಿಪಾಠ ಮಾಡಿ ಮರೆತಿದ್ದೆ.

ಆಸ್ಪಿರಿನ್ ಕೊಟ್ಟೆ. ನುಂಗಬೇಡ, ಅಗಿ, ಎಂದೆ.
ಕೀಳಬೇಕೆಂದಿದ್ದ ಆ ಹಲ್ಲಿನಿಂದಲೇ ಅಗಿದಳು,
ಕಹಿಗೆ ಮುಖ ಕಿವುಚಿ, ನನ್ನನ್ನು ಶಪಿಸುತ್ತ.

ಆಂಬುಲೆನ್ಸಿನ ಹುಡುಗ ಎದೆಗೆ ಬಿಲ್ಲೆಗಳನ್ನು ಅಂಟಿಸಿದ.
ಕಾಗದ ಹೊರಬಂತು. ನನಗದು ಓದಲು ಬಾರದು,
ಆದರೂ ಕಂಡಿತು: ಇಳಿಯಬೇಕಾದ ಗೆರೆ
ಇಳಿಯದೆ, ಬೆನ್ನು ಬಾಗಿಸಿ ಮೇಲೇ ನಿಂತುಬಿಟ್ಟಿತ್ತು,
ಕರೆಂಟು ಹೋದ ದಿನ ಹೊಳೆಯ ಮೇಲೆ
ನಡುಗಾಳಿಯಲ್ಲಿ ನಿಂತ ತೊಟ್ಟಿಲ ಹಾಗೆ.
"ಕುಟೈಸಿಗೆ ಬರ್ತಿದ್ದೀವಿ," ಎಂದ ಹುಡುಗ ಫೋನಿಗೆ,
"ಟೇಬಲ್ ಖಾಲಿ ಇಡಿ."

ಆಮೇಲಿನದು ನಾನು ಕಂಡದ್ದಲ್ಲ.
ಮಣಿಕಟ್ಟಿನಲ್ಲಿ ಸಣ್ಣ ಕಿಂಡಿ ಕೊರೆದು
ಕೂದಲೆಳೆಯಂಥ ತಂತಿ ಗುಂಡಿಗೆಯವರೆಗೆ ಹೋಯಿತಂತೆ,
ಕಟ್ಟಿದ ಕಡೆ ಬಲೂನು ಉಬ್ಬಿತಂತೆ, ಜಾಲರಿ ಬಿಚ್ಚಿಕೊಂಡಿತಂತೆ.
ಪರದೆಯ ಮೇಲೆ ಅವಳೇ ನೋಡುತ್ತಿದ್ದಳು.
"ಏನೋ ಬೇರಿನ ಥರ. ನೋಡ್ತಾ ನೋಡ್ತಾ ನಿದ್ದೆ ಬಂತು.
ಹಲ್ಲುನೋವು ಅಲ್ಲೇ ನಿಂತಿತು ನೋಡು, ದೀಪ ಆರಿಸಿದ ಹಾಗೆ."

ಏಪ್ರಿಲ್‌ನಲ್ಲಿ ಬಂದಳು. ಮಾತ್ರೆಗಳ ಡಬ್ಬಿ, ಎರಡು ಬಿಸಿ ರೊಟ್ಟಿ.
ಮೂಟೆ ಎತ್ತುವುದು ಈಗ ಅಳಿಯನ ಪಾಲು.
"ಆವತ್ತೇ ಕಿತ್ತಿದ್ದರೆ ಇಷ್ಟೆಲ್ಲ ರಗಳೆ ಇರುತ್ತಿರಲಿಲ್ಲ," ಎಂದಳು.
ನಾನು ಹೌದೆಂದೆ.

ಗೊಚಾನ ಹೆಂಡತಿ ಈಗಲೂ
ಮಕ್ಕಳನ್ನು ನನ್ನಲ್ಲಿಗೇ ಕರೆತರುತ್ತಾಳೆ.
ಹೇಳಿಲ್ಲ.
ಕುರ್ಚಿಗೆ ಕೂತ ಎಲ್ಲರನ್ನೂ ಕೇಳುತ್ತೇನೆ, ಹಾಲುಹಲ್ಲಿನವರನ್ನೂ:
ಮೆಟ್ಟಿಲು ಹತ್ತುವಾಗ ಏನಾಗುತ್ತದೆ?
ಅವನ ಕಿರಿಯವಳು ಬಾಯಿಂದ ಕನ್ನಡಿ ತೆಗೆಯುವವರೆಗೆ ಕಾದು ಹೇಳಿದಳು:
ಹಸಿವು.